ಶಾಲೆಯ ಯಂತ್ರವೂ ಊರಿನ ಬಿನ್ನಹವೂ

ಸರ್ಕಾರದವರನ್ನು ಕೇಳುವುದೂ ಒಂದು ವಿದ್ಯೆ. ನಮ್ಮ ನಾಡಿಗೆ ಇದು ಹೊಸದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲುರವರು ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದ ಮೇಲೆ, ಮೈಸೂರು ಸಂಸ್ಥಾನದ ತಾಲ್ಲೂಕುಗಳಿಂದ ಪ್ರತಿನಿಧಿಗಳು ದಸರೆಯ ಕಾಲಕ್ಕೆ ಮೈಸೂರಿಗೆ ಹೋಗಿ ತಮ್ಮ ತಮ್ಮ ಸೀಮೆಯ ಕುಂದುಕೊರತೆಗಳನ್ನು ದಿವಾನರ ಮುಂದೆ ಅರಿಕೆಮಾಡಿಕೊಳ್ಳುವ ಪದ್ಧತಿಯುಂಟಾಯಿತು. ಆ ಸಭೆಗೆ ಆರಂಭದಲ್ಲಿ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಬೊಕ್ಕಸದ ಹಣವನ್ನು ಮಂಜೂರುಮಾಡುವ ಅಧಿಕಾರವಂತೂ ಇರಲೇ ಇಲ್ಲ. ಕೇಳುವ ಅಧಿಕಾರವೊಂದೇ ಇದ್ದದ್ದು. ಹಾಗಿದ್ದುದರಿಂದಲೇ ಕೇಳುವವನು ತನ್ನ ಮಾತನ್ನು ತೂಗಿ ಆಡಬೇಕಾಗುತ್ತಿತ್ತು. 1949ರಲ್ಲಿ ಆ ಸಭೆಯು ಕೊನೆಗೊಂಡಿತು. ಈಗ ನಮ್ಮ ಕೈಯಲ್ಲಿ ಮತವಿದೆ. 2005ರಿಂದೀಚೆಗೆ ಹತ್ತು ರೂಪಾಯಿ ಶುಲ್ಕವನ್ನು ತೆತ್ತು ಸರ್ಕಾರದ ಕಾಗದಪತ್ರಗಳನ್ನೇ ತರಿಸಿ ನೋಡುವ ಮಾಹಿತಿ ಹಕ್ಕೂ ಇದೆ. ಆದರೆ ಕೇಳುವ ಕಲೆಯು ಮಾತ್ರ ಬೆಳೆಯುವುದಕ್ಕೆ ಬದಲಾಗಿ ಕ್ಷೀಣಿಸಿದಂತೆ ನನಗೆ ತೋರುತ್ತದೆ. ಸಂಘದ ಮುದ್ರೆಯುಳ್ಳ ಒಂದು ಕಾಗದ, ಅದರಲ್ಲಿ ‘ತಾವು ದಯಮಾಡಿ’ ಎಂಬ ಒಂದು ವಾಕ್ಯ, ಕೊಡುವಾಗ ಒಂದು ಹಾರ, ಮರುದಿನ ವೃತ್ತಪತ್ರಿಕೆಯಲ್ಲಿ ಒಂದು ಭಾವಚಿತ್ರ. ಇಷ್ಟಾದರೆ ಮನವಿಯ ಕಾರ್ಯವು ಮುಗಿಯಿತೆಂದು ನಾವು ತಿಳಿಯುತ್ತೇವೆ.

ಈ ವಿಷಯವನ್ನು ಈಗ ಬರೆಯಲು ಒಂದು ನಿಮಿತ್ತವುಂಟು. ನಮ್ಮ ತಾಲ್ಲೂಕಿನ ಕೆಲವರು ಮುಖ್ಯೋಪಾಧ್ಯಾಯರೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಅಧ್ಯಕ್ಷರೂ ಕೂಡಿ, ಇಲ್ಲಿಯ ಸರ್ಕಾರಿ ಪ್ರೌಢಶಾಲೆಗಳಿಗೆಲ್ಲ ಗಣಕಯಂತ್ರ, ಅಂತರ್ಜಾಲ, ಸ್ಮಾರ್ಟ್ ಬೋರ್ಡ್ ಮುಂತಾದುವನ್ನು ಒದಗಿಸಬೇಕೆಂದು ಸರ್ಕಾರಕ್ಕೆ ಬಿನ್ನಹಮಾಡಿಕೊಳ್ಳಲು ನಿಶ್ಚಯಿಸಿದ್ದಾರೆ. ನಾನು ಪಾಠಶಾಲೆಯಲ್ಲಿ ಓದಿದವನು. ಮೂವತ್ತಮೂರು ವರ್ಷ ಕನ್ನಡ ಸಂಸ್ಕೃತಗಳನ್ನು ಕಲಿಸಿ 2021ರಲ್ಲಿ ನಿವೃತ್ತನಾದವನು. ಇಂಥವನ ಲೇಖನಿಯಲ್ಲಿ ಗಂಭೀರವಾದ ಶಬ್ದಗಳು ಸುಲಭವಾಗಿ ಇಳಿಯುವುವೆಂಬ ನಂಬಿಕೆಯಿಂದ, ‘ಒಂದು ಪುಟದ ಮನವಿ, ಒಳ್ಳೆಯ ಕನ್ನಡದಲ್ಲಿ’ ಬರೆದುಕೊಡಬೇಕೆಂದು ಅವರು ಕೇಳಿದರು. ಕನ್ನಡವು ಹೇಗೂ ಆದೀತು, ಕೇಳಬೇಕಾದದ್ದೇನೆಂಬುದನ್ನು ಮೊದಲು ನಿಶ್ಚಯಿಸೋಣವೆಂದು ನಾನು ಹೇಳಿದೆನು. ಅಂದು ಅವರೊಡನೆ ಆಡಿದ ಮಾತುಗಳನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ವಾಚಕಮಹಾಶಯರ ಮುಂದಿಡುತ್ತೇನೆ. ಈ ಪತ್ರಿಕೆಯನ್ನೋದುವ ಮನೆಗಳಿಂದಲೇ ಆ ಬಿನ್ನಹಕ್ಕೆ ಹೆಚ್ಚಿನ ಸಹಿಗಳು ಬರಬೇಕಾಗಿರುವುದರಿಂದ ಇದು ಅಪ್ರಕೃತವಾಗಲಾರದು.

ವ್ಯಾಕರಣವನ್ನು ಓದಿದವರಿಗೆ ‘ಯಾಚ್’ ಧಾತುವು ದ್ವಿಕರ್ಮಕವೆಂಬುದು ತಿಳಿದ ವಿಷಯ. ಬೇಡುವ ಕ್ರಿಯೆಗೆ ಎರಡು ಕರ್ಮಗಳು: ಬೇಡುವ ವಸ್ತುವೊಂದು, ಬೇಡಿಸಿಕೊಳ್ಳುವ ವ್ಯಕ್ತಿಯೊಂದು. ನಮ್ಮ ಮನವಿಗಳಲ್ಲಿ ಮೊದಲನೆಯದು ದಪ್ಪಕ್ಷರದಲ್ಲಿರುತ್ತದೆ. ಎರಡನೆಯದನ್ನು ಕುರಿತು ಯಾರೂ ಯೋಚಿಸುವುದಿಲ್ಲ. ಊರಿಗೆ ಬಂದ ಯಾವ ಗಣ್ಯರಿಗಾದರೂ ಸರಿ, ಕೈಗೆ ಕೊಟ್ಟರಾಯಿತು. ಆ ವಸ್ತುವನ್ನು ಕೊಡುವ ಅಧಿಕಾರವು ಅವರಿಗುಂಟೆ, ಉಂಟಾದರೆ ಯಾವ ಲೆಕ್ಕದ ಶೀರ್ಷಿಕೆಯಿಂದ, ಎಂಬುದನ್ನು ವಿಚಾರಿಸುವವರು ವಿರಳ. ಪಾಠಶಾಲೆಯ ಹುಡುಗನಾದರೂ ಒಂದು ಕರ್ಮವನ್ನು ಬಿಟ್ಟು ವಾಕ್ಯವನ್ನು ಮುಗಿಸಿದರೆ ಗುರುಗಳು ಸುಮ್ಮನಿರುತ್ತಿರಲಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಮ್ಮ ಹಿರಿಯರು ‘ಯೋಗಕ್ಷೇಮ’ವೆಂಬ ಮಾತನ್ನು ಎರಡಾಗಿ ಬಿಡಿಸಿ ಅರ್ಥ ಹೇಳುತ್ತಿದ್ದರು. ಇಲ್ಲದ್ದನ್ನು ಪಡೆಯುವುದು ಯೋಗ. ಪಡೆದದ್ದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಶಾಲೆಯ ಯಂತ್ರಗಳನ್ನು ಕುರಿತು ನಾವು ಮಾಡುವ ಬಿನ್ನಹಗಳೆಲ್ಲ ಯೋಗದ ಬಿನ್ನಹಗಳು. ಕ್ಷೇಮವನ್ನು ಕೇಳಿದ ಬಿನ್ನಹವನ್ನು ನನ್ನ ಸೇವಾವಧಿಯಲ್ಲಿ ಬೆರಳೆಣಿಕೆಯಷ್ಟು ಮಾತ್ರ ಕಂಡಿದ್ದೇನೆ. ಸರ್ಕಾರದವರಾದರೂ ಯೋಗವನ್ನು ಕೊಡುವುದರಲ್ಲಿ ಕೃಪಣರಲ್ಲ. 1984ರಲ್ಲಿಯೇ ಕೇಂದ್ರ ಸರ್ಕಾರದವರು ಬಿಬಿಸಿ ಮೈಕ್ರೊ ಎಂಬ ಯಂತ್ರಗಳನ್ನು ದೇಶದ ಆಯ್ದ ಶಾಲೆಗಳಲ್ಲಿ ಇರಿಸಿದರು. 2001ರ ಸುಮಾರಿಗೆ ಕರ್ನಾಟಕದಲ್ಲಿ ‘ಮಾಹಿತಿ ಸಿಂಧು’ವೆಂಬ ಯೋಜನೆಯಿಂದ ಸಾವಿರದಷ್ಟು ಪ್ರೌಢಶಾಲೆಗಳಿಗೆ ಗಣಕಶಿಕ್ಷಣವು ಬಂದಿತು. 2004ರ ಡಿಸೆಂಬರಿನಲ್ಲಿ ಕೇಂದ್ರದ ‘ಐಸಿಟಿ ಅಟ್ ಸ್ಕೂಲ್ಸ್’ ಯೋಜನೆ, 2010ರಲ್ಲಿ ಅದರ ಪರಿಷ್ಕರಣ, 2012ರಲ್ಲಿ ಒಂದು ರಾಷ್ಟ್ರೀಯ ನೀತಿ, 2016-17ರಲ್ಲಿ ನಮ್ಮ ರಾಜ್ಯದ ‘ಟಾಲ್ಪ್’ ಕಾರ್ಯಕ್ರಮ. ಹೀಗೆ ಒಂದರ ಮೇಲೊಂದು ಬಂದುವು. ಕೊರತೆಯು ಆಗಮನದಲ್ಲಿಲ್ಲ.

ನಮ್ಮ ಶಾಲೆಗೂ ಅಂಥದೊಂದು ಯೋಜನೆಯಲ್ಲಿ ಹತ್ತು ಯಂತ್ರಗಳು ಬಂದುವು. ಊರು ಮಲೆನಾಡಿನದು. ಮಳೆ ಹಿಡಿದರೆ ಮೂರು ತಿಂಗಳು ಗೋಡೆ ಬೆವರುವ ಸ್ಥಳ. ಯಂತ್ರಗಳನ್ನಿಡಲು ಇದ್ದುದರಲ್ಲಿ ಒಳ್ಳೆಯ ಕೊಠಡಿಯನ್ನೇ ತೆರವುಮಾಡಿದೆವು. ಅಂದರೆ ಎಂಟನೆಯ ತರಗತಿಯ ‘ಬಿ’ ವಿಭಾಗವು ಜಗಲಿಗೆ ಬಂದಿತು. ಯಂತ್ರಗಳನ್ನು ಪೂರೈಸಿದ ಖಾಸಗಿ ಸಂಸ್ಥೆಯೇ ಐದು ವರ್ಷಗಳ ಕಾಲ ಅವುಗಳನ್ನು ನಡೆಸಿ, ಒಬ್ಬ ಬೋಧಕನನ್ನೂ ಇಟ್ಟು, ಅವಧಿ ತೀರಿದ ಮೇಲೆ ಎಲ್ಲವನ್ನೂ ಶಾಲೆಗೆ ಒಪ್ಪಿಸಿ ಹೋಗತಕ್ಕದ್ದೆಂದು ಕರಾರು. ಬೋಧಕನಾಗಿ ಬಂದವನು ಪಕ್ಕದ ಹೋಬಳಿಯ ತರುಣ. ಅವನ ಸಂಬಳವು ಆ ಸಂಸ್ಥೆಯಿಂದ ಮೂರು ತಿಂಗಳಿಗೊಮ್ಮೆ, ನಾಲ್ಕು ತಿಂಗಳಿಗೊಮ್ಮೆ ಬರುತ್ತಿತ್ತು; ಬಂದಾಗಲೂ ಕೂಲಿಯವನ ಸಂಬಳಕ್ಕಿಂತ ಹೆಚ್ಚಾಗಿರುತ್ತಿರಲಿಲ್ಲ. ಆದಾಗ್ಯೂ ಆತನು ಮಕ್ಕಳಿಗೆ ಶ್ರದ್ಧೆಯಿಂದ ಕಲಿಸಿದನು.

ನನಗೂ ಆ ಕೊಠಡಿಯಲ್ಲಿ ಒಂದು ಲಾಭವಾಯಿತು. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡದ ಕೀಲಿಮಣೆಯ ವಿನ್ಯಾಸವನ್ನು ವಾಚಕರಲ್ಲಿ ಅನೇಕರು ಬಲ್ಲರು. ವ್ಯಂಜನವನ್ನೊತ್ತಿ, ಹಲಂತದ ಕೀಲಿಯನ್ನೊತ್ತಿ, ಮತ್ತೊಂದು ವ್ಯಂಜನವನ್ನೊತ್ತಿದರೆ ಒತ್ತಕ್ಷರವು ತಾನಾಗಿ ಮೂಡುತ್ತದೆ. ಸಂಯುಕ್ತಾಕ್ಷರವೆಂದರೆ ನಡುವೆ ಸ್ವರವಿಲ್ಲದೆ ಸೇರಿದ ವ್ಯಂಜನಗಳೆಂದು ನಾನು ಹಲಗೆಯ ಮೇಲೆ ಇಪ್ಪತ್ತು ವರ್ಷ ಬರೆದು ತೋರಿಸಿದ್ದೆನು. ಕೆಲವರು ಮಕ್ಕಳಿಗೆ ಅದು ಚಿತ್ರವಾಗಿತ್ತೇ ಹೊರತು ಅರ್ಥವಾಗಿರಲಿಲ್ಲ. ‘ಸ್ತ್ರೀ’ ಎಂಬುದನ್ನು ಸದಾ ತಪ್ಪಾಗಿ ಬರೆಯುತ್ತಿದ್ದ ಹುಡುಗಿಯೊಬ್ಬಳು ಆ ಕೀಲಿಗಳನ್ನು ಒಂದೊಂದಾಗಿ ಒತ್ತಿ, ತೆರೆಯ ಮೇಲೆ ಅಕ್ಷರವು ಕೂಡಿಕೊಳ್ಳುವುದನ್ನು ಕಂಡು, ‘ಮೇಷ್ಟ್ರೆ, ಇದರೊಳಗೆ ಮೂರು ಇವೆ’ ಎಂದಳು. ಯಂತ್ರವು ಗುರುವಿಗೆ ಶತ್ರುವೆಂದು ಹೇಳುವವರ ಗುಂಪಿಗೆ ನಾನು ಸೇರದಿರಲು ಆ ಹುಡುಗಿಯೂ ಒಂದು ಕಾರಣ.

ಐದು ವರ್ಷಗಳು ತೀರಿದುವು. ಸಂಸ್ಥೆಯವರು ಒಂದು ಪಟ್ಟಿಗೆ ಸಹಿ ಹಾಕಿಸಿಕೊಂಡು ಹೋದರು. ಬೋಧಕನೂ ಹೋದನು, ಈಗ ಬೆಂಗಳೂರಿನಲ್ಲಿ ಸಾಮಾನುಗಳನ್ನು ಮನೆಮನೆಗೆ ತಲುಪಿಸುವ ಕೆಲಸದಲ್ಲಿರುವನೆಂದು ಕೇಳಿದ್ದೇನೆ. ಮೊದಲನೆಯ ಮಳೆಗಾಲದಲ್ಲಿಯೇ ವಿದ್ಯುತ್ತು ನಿಂತಾಗ ನಡೆಸುವ ಬ್ಯಾಟರಿಗಳು ಉಬ್ಬಿದುವು. ಎರಡನೆಯ ವರ್ಷ ಇಲಿಗಳು ತಂತಿಯನ್ನು ಕತ್ತರಿಸಿದುವು. ಇವೆಲ್ಲ ಅಲ್ಪ ವಿಷಯಗಳು. ಕೆಲವು ಸಾವಿರ ರೂಪಾಯಿಗಳಲ್ಲಿ ಸರಿಹೋಗತಕ್ಕವು. ಆದರೆ ಆ ಕೆಲವು ಸಾವಿರಗಳನ್ನು ಯಾವ ಬಾಬಿನಿಂದ ವೆಚ್ಚಮಾಡಬೇಕೆಂಬುದಕ್ಕೆ ಅಪ್ಪಣೆಯಿರಲಿಲ್ಲ.

ಇಲ್ಲಿ ದಾಸ್ತಾನು ಪುಸ್ತಕವೆಂಬ ಮಹಾಗ್ರಂಥವನ್ನು ಕುರಿತು ಎರಡು ಮಾತು ಹೇಳದಿರಲಾರೆ. ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡದವರಿಗೆ ಅದರ ಪ್ರಭಾವವು ತಿಳಿಯದು. ಯಂತ್ರವು ಒಮ್ಮೆ ಆ ಪುಸ್ತಕದಲ್ಲಿ ನಮೂದಾಯಿತೆಂದರೆ ಅದು ಮುಖ್ಯೋಪಾಧ್ಯಾಯರ ತಲೆಯ ಮೇಲೆ ಕುಳಿತಂತೆ. ಮಕ್ಕಳು ಮುಟ್ಟಿ ಕೆಟ್ಟರೆ ಲೆಕ್ಕತಪಾಸಣೆಯಲ್ಲಿ ಆಕ್ಷೇಪಣೆ. ಕಳುವಾದರೆ ವಸೂಲಿಯ ಭಯ. ಕೆಟ್ಟದ್ದನ್ನು ಎಸೆಯೋಣವೆಂದರೆ ಮೇಲಿನ ಕಚೇರಿಯ ಆದೇಶವಿಲ್ಲದೆ ಎಸೆಯುವಂತಿಲ್ಲ. ಆದುದರಿಂದ ಯಂತ್ರವನ್ನು ಕಾಪಾಡಲು ಅತ್ಯುತ್ತಮವಾದ ಉಪಾಯವೆಂದರೆ ಬೀಗ. ನಮ್ಮ ಕೊಠಡಿಗೂ ಬೀಗ ಬಿದ್ದಿತು. ನಿವೃತ್ತಿಗೆ ಎರಡು ವರ್ಷವಿದ್ದ ಮುಖ್ಯೋಪಾಧ್ಯಾಯರೊಬ್ಬರು ಬೀಗದ ಕೈಯನ್ನು ತಮ್ಮ ಜನಿವಾರಕ್ಕೇ ಕಟ್ಟಿಕೊಂಡಿದ್ದರೆಂದು ಹುಡುಗರು ಹಾಸ್ಯಮಾಡುತ್ತಿದ್ದರು. ಅವರನ್ನು ನಾನು ದೂರುವುದಿಲ್ಲ. ಅವರ ನಿವೃತ್ತಿವೇತನದ ಕಾಗದಗಳು ಅದೇ ಕಚೇರಿಯಲ್ಲಿದ್ದುವು. ವರ್ಷಾಂತ್ಯದ ತಃಖ್ತೆಯಲ್ಲಿ ಮಾತ್ರ ‘ಗಣಕಯಂತ್ರಗಳು: ಹತ್ತು’ ಎಂದು ಬರೆಯುತ್ತ ಬಂದೆವು. ಇಂಥ ತಃಖ್ತೆಗಳೇ ಮೇಲೆ ಹೋಗಿ ಕೂಡಿ ದೇಶದ ಅಂಕಿಅಂಶಗಳಾಗುತ್ತವೆ. 2024-25ರ ಯುಡೈಸ್ ವರದಿಯಂತೆ ದೇಶದ ಶಾಲೆಗಳಲ್ಲಿ ನೂರಕ್ಕೆ 64.7ರಲ್ಲಿ ಗಣಕಯಂತ್ರದ ಸೌಲಭ್ಯವೂ 63.5ರಲ್ಲಿ ಅಂತರ್ಜಾಲವೂ ಇವೆ. ಹಿಂದಿನ ವರ್ಷಕ್ಕಿಂತ ಇದು ಹೆಚ್ಚು, ಸಂತೋಷವೇ. ಆದರೆ ಕೊಠಡಿಯಲ್ಲಿರುವುದೊಂದು, ಮಗುವಿನ ಕೈಗೆ ಸಿಕ್ಕುವುದು ಇನ್ನೊಂದು. ಎರಡನೆಯದನ್ನು ಎಣಿಸಲು ತಃಖ್ತೆಯಲ್ಲಿ ಕಾಲಂ ಬೇಕೆಂದು ಬಿನ್ನಹದಲ್ಲಿ ಕೇಳಿದರೆ ತಪ್ಪೇನು?

ಕ್ಷೇಮವು ಯೋಗಕ್ಕಿಂತ ದುಬಾರಿಯೆಂಬುದು ಸರ್ಕಾರದವರಿಗೆ ತಿಳಿಯದ ಸಂಗತಿಯಲ್ಲ. 2010ರ ಪರಿಷ್ಕೃತ ಯೋಜನೆಯಲ್ಲಿ ಶಾಲೆಯೊಂದಕ್ಕೆ ಒಂದಾವರ್ತಿಯ ವೆಚ್ಚವಾಗಿ 6.40 ಲಕ್ಷ ರೂಪಾಯಿಗಳನ್ನೂ, ವರ್ಷವರ್ಷದ ವೆಚ್ಚವಾಗಿ 2.70 ಲಕ್ಷವನ್ನು ಐದು ವರ್ಷಗಳವರೆಗೂ ಗೊತ್ತುಪಡಿಸಿದ್ದರು. ಕೂಡಿ ನೋಡಿದರೆ ಐದು ವರ್ಷದ ಪೋಷಣೆಗೆ 13.50 ಲಕ್ಷ, ಯಂತ್ರದ ಬೆಲೆಗಿಂತ ಇಮ್ಮಡಿಗೂ ಮೇಲೆ. ಲೆಕ್ಕವು ಸರಿಯಾದ ಲೆಕ್ಕವೇ. ಆರನೆಯ ವರ್ಷದಲ್ಲಿ ಏನೆಂಬುದೇ ಪ್ರಶ್ನೆ. ಹಸುವನ್ನು ದಾನಮಾಡಿ, ಐದು ವರ್ಷದ ಹುಲ್ಲನ್ನೂ ಕೊಟ್ಟು, ಆಮೇಲೆ ದಾನಪತ್ರವನ್ನು ಮಡಿಸಿಡುವ ಕ್ರಮವಿದು.

ಇದಕ್ಕೆ ಅಧಿಕಾರಿಗಳ ಅಲಕ್ಷ್ಯವೊಂದನ್ನೇ ಕಾರಣವೆನ್ನುವುದು ನ್ಯಾಯವಲ್ಲ. ಲೆಕ್ಕಶಾಸ್ತ್ರದ ಕಟ್ಟುಪಾಡೇ ಹಾಗಿದೆ. ಬಂಡವಾಳದ ವೆಚ್ಚವೆಂದರೆ ಒಂದು ಸಲ ಕೊಟ್ಟು ಕೈತೊಳೆದುಕೊಳ್ಳಬಹುದಾದದ್ದು. ಆವರ್ತಕ ವೆಚ್ಚವೆಂದರೆ ಎಂದೆಂದಿಗೂ ಹೊರಬೇಕಾದ ಹೊರೆ. ಹಣಕಾಸಿನ ಇಲಾಖೆಯವರು ಮೊದಲನೆಯದಕ್ಕೆ ಒಲಿಯುವಂತೆ ಎರಡನೆಯದಕ್ಕೆ ಒಲಿಯುವುದಿಲ್ಲ. ಲೋಕಸಭೆ ರಾಜ್ಯಸಭೆಗಳ ಸದಸ್ಯರಿಗೆ 1993ರಿಂದ ಸ್ಥಳೀಯ ಕ್ಷೇತ್ರಾಭಿವೃದ್ಧಿಗೆಂದು ಒಂದು ನಿಧಿಯಿರುವುದಷ್ಟೆ. ವರ್ಷಕ್ಕೆ ತಲೆಗೆ 5 ಕೋಟಿ. ಆ ನಿಧಿಯ ಉದ್ದೇಶವೇ ಬಾಳಿಕೆ ಬರುವ ಸ್ವತ್ತುಗಳನ್ನು ನಿರ್ಮಿಸುವುದು. ಆವರ್ತಕ ವೆಚ್ಚಕ್ಕೆ ಅದರಲ್ಲಿ ಎಡೆಯಿಲ್ಲ. ಅಂದಮೇಲೆ ಸದಸ್ಯರೊಬ್ಬರಿಗೆ ಎಷ್ಟೇ ಒಲವಿದ್ದರೂ ಶಾಲೆಗೆ ಯಂತ್ರವನ್ನು ಕೊಡಬಲ್ಲರೇ ಹೊರತು, ಅದನ್ನು ನೋಡಿಕೊಳ್ಳುವ ಮನುಷ್ಯನಿಗೆ ಒಂದು ತಿಂಗಳ ವೇತನವನ್ನೂ ಕೊಡಲಾರರು. ನಾವು ಅವರ ಬಳಿಗೆ ಹೋಗಿ ಬೋಧಕನನ್ನು ಕೇಳಿದರೆ ಅದು ಎರಡನೆಯ ಕರ್ಮದ ದೋಷ.

ಈ ಭೇದವು ನಮ್ಮ ದೇಶಕ್ಕೆ ಮಾತ್ರ ಸೇರಿದ್ದೆಂದು ತಿಳಿಯಬೇಕಾಗಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಶಾಲೆಗಳ ಯಂತ್ರಸಾಧನಗಳಿಗಾಗಿ ಉಪಾಧ್ಯಾಯರ ಸಂಘಗಳೂ ಗ್ರಂಥಾಲಯಗಳ ಸಂಘಗಳೂ ಸರ್ಕಾರವನ್ನು ಬಹುಕಾಲದಿಂದ ಒತ್ತಾಯಿಸುತ್ತ ಬಂದಿವೆ. ಅವರಿಗೆ ದೊರೆತದ್ದು ಮುಖ್ಯವಾಗಿ ಎರಡು ಬಗೆ. ಮೊದಲನೆಯದು 1996ರ ದೂರಸಂಪರ್ಕ ಶಾಸನದಲ್ಲಿ ಸೆನೆಟರರಾದ ಸ್ನೋ, ರಾಕ್‌ಫೆಲರ್ ಮೊದಲಾದವರು ಸೇರಿಸಿದ ಒಂದು ವಿಧಿ. ಅದರಂತೆ ಶಾಲೆಗಳಿಗೂ ಗ್ರಂಥಾಲಯಗಳಿಗೂ ಅಂತರ್ಜಾಲ ಮೊದಲಾದ ಸಂಪರ್ಕದ ವೆಚ್ಚದಲ್ಲಿ ನೂರಕ್ಕೆ 20ರಿಂದ 90ರವರೆಗೆ ರಿಯಾಯಿತಿ; ಬಡಮಕ್ಕಳು ಹೆಚ್ಚಿರುವಲ್ಲಿ ರಿಯಾಯಿತಿಯೂ ಹೆಚ್ಚು. ಇ-ರೇಟ್ ಎಂದು ಇದಕ್ಕೆ ಹೆಸರು. ಹಣವು ಬರುವುದು ವರ್ಷವರ್ಷದ ಆಯವ್ಯಯದಿಂದಲ್ಲ, ದೂರಸಂಪರ್ಕದ ಕಂಪೆನಿಗಳು ತೆರುವ ವಂತಿಗೆಯಿಂದ. ಆರಂಭದಲ್ಲಿ ವರ್ಷಕ್ಕೆ 225 ಕೋಟಿ ಡಾಲರುಗಳ ಮಿತಿಯಿತ್ತು. 2014ರಲ್ಲಿ ಅದನ್ನು 390 ಕೋಟಿಗೆ ಏರಿಸಿದರು. ಎರಡನೆಯದು 2002ರಲ್ಲಿ ಆರಂಭವಾದ ಒಂದು ಅನುದಾನ. ಶಾಲೆಗಳಲ್ಲಿ ತಂತ್ರಸಾಧನಗಳಿಂದ ಬೋಧನೆಯನ್ನು ಉತ್ತಮಗೊಳಿಸಲು ಸಂಸ್ಥಾನಗಳಿಗೆ ಕೊಡತಕ್ಕದ್ದು. ಮೊದಮೊದಲು ವರ್ಷಕ್ಕೆ 70 ಕೋಟಿ ಡಾಲರಿನ ಹತ್ತಿರವಿದ್ದ ಅದು ವರ್ಷವರ್ಷವೂ ಆಯವ್ಯಯದ ಸಮಯದಲ್ಲಿ ಹೊಸದಾಗಿ ಬೇಡಿಸಿಕೊಳ್ಳುತ್ತ, ಸವೆಯುತ್ತ, 2010ರಲ್ಲಿ 10 ಕೋಟಿಗೆ ಇಳಿದು, 2011ರಲ್ಲಿ ಸೊನ್ನೆಯಾಯಿತು. ಮೊದಲನೆಯದು ಮಾತ್ರ ನಿಂತಿದೆ. ಅದರ ವಂತಿಗೆಯೇ ಸಂವಿಧಾನಕ್ಕೆ ವಿರುದ್ಧವೆಂದು ಹೂಡಿದ ದಾವೆಯಲ್ಲಿಯೂ, 2025ರ ಜೂನ್ ತಿಂಗಳಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಆರಕ್ಕೆ ಮೂರರ ಬಹುಮತದಿಂದ ಆ ಏರ್ಪಾಟನ್ನು ಎತ್ತಿಹಿಡಿಯಿತು. ಬೇಡಿದವರು ಬಹುಮಟ್ಟಿಗೆ ಒಂದೇ ವರ್ಗದವರು. ಬೇಡಿಕೆಯನ್ನು ಯಾವ ಗೂಟಕ್ಕೆ ಕಟ್ಟಿದರೆಂಬುದರಲ್ಲಿ ವ್ಯತ್ಯಾಸ.

ನಮ್ಮಲ್ಲಿಯೂ ಅಂಥ ಗೂಟವೊಂದಿದೆ. ದೂರಸಂಪರ್ಕದ ಕಂಪೆನಿಗಳ ವರಮಾನದಲ್ಲಿ ನೂರಕ್ಕೆ ಐದರಂತೆ ಸೇರುವ ನಿಧಿಯು 2002ರಿಂದ ಉಂಟು; 2003ರಲ್ಲಿ ಅದಕ್ಕೆ ಶಾಸನದ ಬಲವೂ ದೊರೆಯಿತು. 2023ರ ಹೊಸ ಶಾಸನದಲ್ಲಿ ಅದರ ಹೆಸರು ‘ಡಿಜಿಟಲ್ ಭಾರತ ನಿಧಿ’ಯೆಂದಾಯಿತು. ಗ್ರಾಮ ಪಂಚಾಯಿತಿಗಳಿಗೆ ಬೆಳಕಿನ ತಂತಿಯನ್ನೆಳೆಯುವ ಭಾರತ್‌ನೆಟ್ ಯೋಜನೆಗೆ ಹಣವು ಬಂದದ್ದು ಈ ನಿಧಿಯಿಂದ. 2025ರ ಫೆಬ್ರವರಿಯ ಆಯವ್ಯಯ ಭಾಷಣದಲ್ಲಿ ಗ್ರಾಮಾಂತರದ ಸರ್ಕಾರಿ ಪ್ರೌಢಶಾಲೆಗಳಿಗೆಲ್ಲ ಭಾರತ್‌ನೆಟ್ಟಿನ ಮೂಲಕ ಸಂಪರ್ಕ ಕೊಡುವೆವೆಂದು ಕೇಂದ್ರದ ಹಣಕಾಸು ಮಂತ್ರಿಗಳು ಸಾರಿದರು. ತಂತಿಯು ಶಾಲೆಯ ಗೋಡೆಯವರೆಗೆ ಬಂದೀತು. ತಿಂಗಳ ಬಾಡಿಗೆಯನ್ನು ಯಾರು ತೆರಬೇಕು, ಗಾಳಿಗೆ ಮರ ಬಿದ್ದು ತಂತಿ ಹರಿದರೆ ಎಷ್ಟು ದಿನದೊಳಗೆ ಕೂಡಿಸಬೇಕು ಎಂಬುವನ್ನು ಈಗಲೇ ಕೇಳಿ ಬರೆಸಿಕೊಳ್ಳತಕ್ಕದ್ದು. ತಂತಿ ಬಂದ ಮೇಲೆ ಕೇಳಿದರೆ ನಮ್ಮ ಪತ್ರಕ್ಕೆ ಹಿಂಬರಹವೂ ಬರಲಾರದು.

ದೂರದ ಮಾತೇಕೆ? ಪಕ್ಕದ ಕೇರಳವನ್ನು ನೋಡಬಹುದು. ಅಲ್ಲಿ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಎಂಬ ಕಾರ್ಯವು ಆರಂಭವಾಯಿತು. 2017ರಲ್ಲಿ ಅದೇ ‘ಕೈಟ್’ ಎಂಬ ಸರ್ಕಾರದ ಸಂಸ್ಥೆಯಾಯಿತು. ಅಲ್ಲಿಯವರು ಹೊರಗಿನ ಬೋಧಕನನ್ನು ಗುತ್ತಿಗೆಗೆ ತರುವುದರ ಬದಲು ಶಾಲೆಯ ಉಪಾಧ್ಯಾಯರನ್ನೇ ಈ ವಿದ್ಯೆಯಲ್ಲಿ ತಯಾರುಮಾಡಿ, ಶಾಲೆಗೊಬ್ಬ ಸಂಯೋಜಕರನ್ನು ಆ ಉಪಾಧ್ಯಾಯರಲ್ಲಿಯೇ ನೇಮಿಸಿದರು. ಉಪಾಧ್ಯಾಯರ ಸಂಘಗಳೂ ಸುಮ್ಮನಿರಲಿಲ್ಲ. ಪರವಾನಗಿಯ ಹಣ ತೆರಬೇಕಾದ ತಂತ್ರಾಂಶಗಳಿಗೆ ಬದಲಾಗಿ ಸ್ವತಂತ್ರ ತಂತ್ರಾಂಶಗಳನ್ನೇ ಬಳಸಬೇಕೆಂಬ ಚಳವಳಿಯಲ್ಲಿ ಅವರೂ ಇದ್ದರು. ಆ ಒಂದು ನಿರ್ಧಾರದಿಂದ ಸುಮಾರು 3000 ಕೋಟಿ ರೂಪಾಯಿಗಳ ಉಳಿತಾಯವೆಂದು 2019ರಲ್ಲಿ ಕೈಟ್ ಸಂಸ್ಥೆಯವರು ಲೆಕ್ಕ ಕೊಟ್ಟರು. ತಮ್ಮ ಲೆಕ್ಕವನ್ನು ತಾವೇ ಕೊಟ್ಟಿರುವುದರಿಂದ ಸ್ವಲ್ಪ ಕಳೆದುಕೊಂಡೇ ನೋಡಿದರೂ ಉಳಿದದ್ದು ಅಲ್ಪವಲ್ಲ. ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಶಾಲೆಗಳೂ ಇದೇ ಏರ್ಪಾಟಿನೊಳಗಿವೆ. ಗಡಿಯಾಚೆಯ ಕನ್ನಡದ ಮಗುವಿಗೆ ಇರುವ ಅನುಕೂಲವು ಗಡಿಯೀಚೆಯ ಮಗುವಿಗೆ ಏಕಿರಬಾರದೆಂದು ನಮ್ಮ ಬಿನ್ನಹದಲ್ಲಿ ಒಂದು ವಾಕ್ಯವಿರಲಿ.

ಯಂತ್ರಗಳನ್ನು ಮಾರುವವರೂ ಸರ್ಕಾರಕ್ಕೆ ಬಿನ್ನಹಮಾಡುವವರೇ. ಅವರ ಬಿನ್ನಹವು ನಮ್ಮದಕ್ಕಿಂತ ಚೆನ್ನಾಗಿ ಅಚ್ಚಾಗಿರುತ್ತದೆ. ಅದನ್ನು ಹೊತ್ತು ತಿರುಗುವವರಿಗೆ ಸಂಬಳವುಂಟು. ಕೇಳುವುದೂ ಅವರು ಯೋಗವನ್ನೇ. ಶಿಕ್ಷಣದಲ್ಲಿ ತಂತ್ರಜ್ಞಾನವನ್ನು ಕುರಿತು ಯುನೆಸ್ಕೋ 2023ರಲ್ಲಿ ಹೊರಡಿಸಿದ ವರದಿಯು, ಇವುಗಳ ಪ್ರಯೋಜನಕ್ಕೆ ನಿಷ್ಪಕ್ಷಪಾತವಾದ ಪ್ರಮಾಣವು ಕಡಮೆಯೆಂದೂ, ಇರುವ ಪ್ರಮಾಣದಲ್ಲಿ ಬಹುಭಾಗವು ಮಾರುವವರಿಂದಲೇ ಬಂದದ್ದೆಂದೂ ಹೇಳಿದೆ. ವಾದಿಯೇ ಸಾಕ್ಷಿಯಾದರೆ ನಮ್ಮ ನ್ಯಾಯಶಾಸ್ತ್ರಿಗಳು ಅದನ್ನು ಪ್ರಮಾಣವೆಂದು ಒಪ್ಪುತ್ತಿದ್ದರೆ? ನಮ್ಮ ತಾಲ್ಲೂಕಿನ ಪಟ್ಟಿಯಲ್ಲಿ ಸ್ಮಾರ್ಟ್ ಬೋರ್ಡಿನ ಹೆಸರೂ ಅಳತೆಯೂ ಸಮೇತ ಇದ್ದುದನ್ನು ಕಂಡು, ಈ ಅಳತೆ ಯಾರು ಹೇಳಿದ್ದೆಂದು ಕೇಳಿದೆನು. ಊರಿಗೆ ಬಂದಿದ್ದ ಮಾರಾಟದ ಪ್ರತಿನಿಧಿಯೊಬ್ಬನು ಕೊಟ್ಟ ಬಣ್ಣದ ಪುಸ್ತಿಕೆಯಿಂದ ಇಳಿಸಿಕೊಂಡದ್ದೆಂದು ತಿಳಿಯಿತು. ನಮ್ಮ ಕೈಯಿಂದ ಅವನ ಬಿನ್ನಹವನ್ನು ನಾವು ಬರೆಯಲಿದ್ದೆವು.

ಹೀಗೆಂದ ಮಾತ್ರಕ್ಕೆ, ಹಳ್ಳಿಯ ಮಗುವಿಗೆ ಈ ಯಂತ್ರವೇ ಬೇಡ, ಸುಣ್ಣದಕಡ್ಡಿ ಸಾಕು ಎಂಬ ನನ್ನ ಸಹಪಾಠಿಗಳ ಮಾತನ್ನು ನಾನು ಒಪ್ಪುವುದಿಲ್ಲ. ಅವರು ವೇದವನ್ನು ಕಿವಿಯಿಂದ ಕಲಿತವರು. ಗುರುಮುಖವೇ ಸಾಕೆಂಬುದು ಅವರ ಸಿದ್ಧಾಂತ. ಅವರ ಮೊಮ್ಮಕ್ಕಳಿಗೆಲ್ಲ ಮನೆಯಲ್ಲಿ ಯಂತ್ರವಿದೆ. 2020ರಲ್ಲಿ ಕೊರೋನಾ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿದಾಗ, ಜುಲೈ ತಿಂಗಳಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ವೆಂಬ ಪಾಠಗಳನ್ನು ಆರಂಭಿಸಿದರು, ಆಗಸ್ಟಿನಲ್ಲಿ ‘ವಿದ್ಯಾಗಮ’ದ ಹೆಸರಿನಲ್ಲಿ ಉಪಾಧ್ಯಾಯರು ಊರೂರಿಗೆ ಹೋಗಿ ಮರದ ಕೆಳಗೂ ಗುಡಿಯ ಜಗಲಿಯಲ್ಲೂ ಪಾಠ ಹೇಳುವಂತಾಯಿತು, ಅದೂ ಅಕ್ಟೋಬರಿನಲ್ಲಿ ನಿಂತಿತು. ನಾನೂ ಆಗ ನಡೆದಿದ್ದೇನೆ. ನಮ್ಮ ಶಾಲೆಗೆ ಬರುವ ಒಂದು ಹಾಡಿಯಲ್ಲಿ ಹತ್ತನೆಯ ತರಗತಿಯ ಮಕ್ಕಳು ಮೂವರಿದ್ದರು. ಮೂರು ಮನೆಗೂ ಸೇರಿ ಒಂದೇ ಮೊಬೈಲು. ಅದನ್ನು ಕೂಲಿಗೆ ಹೋಗುವ ತಂದೆಯು ಬೆಳಿಗ್ಗೆ ತೆಗೆದುಕೊಂಡು ಹೋಗಿ ರಾತ್ರಿ ತರುತ್ತಿದ್ದನು. ಮಕ್ಕಳು ಊಟವಾದ ಮೇಲೆ ಗುಡ್ಡದ ಬಂಡೆಯ ಮೇಲೆ ಹತ್ತಿ, ಕತ್ತಲೆಯಲ್ಲಿ, ಆ ದಿನದ ಪಾಠವನ್ನು ಇಳಿಸಿಕೊಳ್ಳುತ್ತಿದ್ದರು. ಮೂವರಲ್ಲಿ ಒಬ್ಬನು ಆ ವರ್ಷವೇ ಶಾಲೆಯನ್ನು ಬಿಟ್ಟನು. ಅದೇ ಕಾಲದಲ್ಲಿ ಶಾಲೆಯ ಬೀಗ ಹಾಕಿದ ಕೊಠಡಿಯಲ್ಲಿ ಹತ್ತು ಯಂತ್ರಗಳು ಪುಸ್ತಕದ ಪ್ರಕಾರ ಕ್ಷೇಮವಾಗಿದ್ದುವು.

ಆ ವರ್ಷದ ಕೊನೆಯಲ್ಲಿ ನಾವು ಒಂದು ಬಿನ್ನಹವನ್ನು ಬೇರೆ ರೀತಿಯಲ್ಲಿ ಬರೆದೆವು. ಅದಕ್ಕೆ ಮೊದಲು ಒಂದು ತಿಂಗಳು ಒಂದು ದಿನಚರಿಯನ್ನಿಟ್ಟೆವು: ಯಾವ ದಿನ ಎಷ್ಟು ಗಂಟೆ ವಿದ್ಯುತ್ತಿತ್ತು, ಹತ್ತು ಯಂತ್ರಗಳಲ್ಲಿ ಎಷ್ಟು ಏಳುತ್ತವೆ, ಏಳದ್ದಕ್ಕೆ ಕಾರಣವೇನು, ಸರಿಪಡಿಸಲು ಪಟ್ಟಣದ ಅಂಗಡಿಯವನು ಎಷ್ಟು ಕೇಳುತ್ತಾನೆ. ಯಂತ್ರಗಳಲ್ಲಿ ಆರು ಬದುಕಿದ್ದುವು. ಬೇಡಿಕೆಗಳು ಮೂರೇ: ಕೆಟ್ಟ ನಾಲ್ಕನ್ನು ದಾಸ್ತಾನಿನಿಂದ ತೆಗೆಯಲು ಆದೇಶ, ಬ್ಯಾಟರಿಗೂ ತಂತಿಗೂ ಶಾಲೆಯ ನಿಧಿಯಿಂದ ವೆಚ್ಚಮಾಡಲು ಅನುಮತಿ, ನಮ್ಮ ಉಪಾಧ್ಯಾಯರಲ್ಲಿಯೇ ಒಬ್ಬರಿಗೆ ವಾರಕ್ಕೆ ಆರು ಅವಧಿಗಳ ಬೋಧನೆಯಿಂದ ಬಿಡುವು ಕೊಟ್ಟು ಆ ಕೊಠಡಿಯನ್ನು ಒಪ್ಪಿಸುವುದು. ಮೊದಲಿನ ಮನವಿಗಳಿಗೆ ಬಾರದ ಉತ್ತರವು ಇದಕ್ಕೆ ಎರಡೇ ತಿಂಗಳಲ್ಲಿ ಬಂದಿತು. ಅಧಿಕಾರಿಗಳೊಬ್ಬರು ಕರೆಯಿಸಿ, ‘ಇದರಲ್ಲಿ ನಾನು ಮಾಡಬಹುದಾದದ್ದು ಎರಡಿವೆ, ಮೂರನೆಯದು ನನ್ನ ಕೈಯಲ್ಲಿಲ್ಲ’ ಎಂದರು. ಆ ಎರಡನ್ನು ಮಾಡಿದರು. ಮೂರನೆಯದು ಇಂದಿಗೂ ಆಗಿಲ್ಲ. ವಿದ್ಯುತ್ತಿನ ಬಿಲ್ಲಿನ ಚಿಂತೆಯೊಂದು ಉಳಿದಿತ್ತು. 2023ರ ನವೆಂಬರ್ 1ರ ರಾಜ್ಯೋತ್ಸವ ಭಾಷಣದಲ್ಲಿ ಸರ್ಕಾರಿ ಶಾಲೆಗಳಿಗೆ ಉಚಿತವಾಗಿ ವಿದ್ಯುತ್ತನ್ನೂ ನೀರನ್ನೂ ಕೊಡುವುದಾಗಿ ಮುಖ್ಯಮಂತ್ರಿಗಳು ಘೋಷಿಸಿದರು. ನಾನು ಬಲ್ಲಂತೆ ನಮ್ಮ ರಾಜ್ಯದಲ್ಲಿ ಕ್ಷೇಮದ ಕಡೆಗೆ ಇಟ್ಟ ದೊಡ್ಡ ಹೆಜ್ಜೆಗಳಲ್ಲಿ ಅದೊಂದು. ಅದಕ್ಕೆ ನಾವು ಹಾರ ಹಾಕಲಿಲ್ಲ.

ಇನ್ನು ಎರಡನೆಯ ಕರ್ಮದ ವಿಷಯ. ನಮ್ಮ ರಾಜ್ಯದ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಏಳನ್ನು ಉಪಾಧ್ಯಾಯರೂ ಏಳನ್ನು ಪದವೀಧರರೂ ಆರಿಸತಕ್ಕದ್ದೆಂಬುದನ್ನು ವಾಚಕರು ಬಲ್ಲರು. ಈ ಪತ್ರಿಕೆಯ ಮನೆಗಳಲ್ಲಿ ಪದವೀಧರರಿಲ್ಲದ ಮನೆ ಯಾವುದು? ಆದರೆ ಆ ಮತದಾರರ ಪಟ್ಟಿಯಲ್ಲಿ ಹೆಸರು ತಾನಾಗಿ ಸೇರುವುದಿಲ್ಲ. ಅರ್ಜಿ ಹಾಕಿ ಸೇರಿಸಿಕೊಳ್ಳಬೇಕು. ನಮ್ಮಲ್ಲಿ ಎಷ್ಟು ಮಂದಿ ಸೇರಿಸಿದ್ದೇವೆ? ಸದನದಲ್ಲಿ ಒಂದು ಪ್ರಶ್ನೆಯನ್ನು ಕೇಳಿಸಿದರೆ ಇಲಾಖೆಯು ಲಿಖಿತವಾಗಿ ಉತ್ತರಕೊಡಬೇಕಾಗುತ್ತದೆ. ಈ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಯೋಜನೆಯ ಐದು ವರ್ಷ ತೀರಿದ ಪ್ರಯೋಗಶಾಲೆಗಳೆಷ್ಟು, ಅವುಗಳಲ್ಲಿ ಈಗ ಬಾಗಿಲು ತೆರೆದಿರುವುವೆಷ್ಟು ಎಂಬ ಎರಡು ಸಾಲಿನ ಪ್ರಶ್ನೆ ಸಾಕು. ಹಾರದ ಖರ್ಚೂ ಉಳಿಯುತ್ತದೆ.

ಕರಡನ್ನು ಬರೆದಿದ್ದೇನೆ. ಬೋರ್ಡಿನ ಅಳತೆಯನ್ನು ಹೊಡೆದುಹಾಕಿದ್ದೇನೆ. ಇದಕ್ಕೆ ಇಬ್ಬರು ಅಧ್ಯಕ್ಷರು ಸ್ವಲ್ಪ ಮುನಿದಿದ್ದಾರೆ. ಶಾಲೆಗೊಬ್ಬ ಉಪಾಧ್ಯಾಯರಿಗೆ ಆರು ಅವಧಿಗಳ ಬಿಡುವು, ಐದನೆಯ ವರ್ಷದ ನಂತರದ ದುರಸ್ತಿಗೆ ಗೊತ್ತಾದ ಒಂದು ವಾರ್ಷಿಕ ಮೊತ್ತ, ಕೆಟ್ಟದ್ದನ್ನು ತೆಗೆಯಲು ಮುಖ್ಯೋಪಾಧ್ಯಾಯರಿಗೇ ಅಧಿಕಾರ, ತಂತಿಯ ಬಾಡಿಗೆ, ಇವು ಮೊದಲು. ಹೊಸ ಯಂತ್ರಗಳು ಕೊನೆಯ ಕಲಮು. ಯಂತ್ರವನ್ನು ಕೊನೆಗೆ ಹಾಕಿದರೆ ಸರ್ಕಾರದವರು ಅದನ್ನು ಕೊಡುವುದೇ ಇಲ್ಲವೆಂಬುದು ಕೆಲವರ ಅಂಜಿಕೆ. ಮೊದಲು ಹಾಕಿದರೆ ಅದೊಂದನ್ನೇ ಕೊಡುವರೆಂಬುದು ನನ್ನ ಅಂಜಿಕೆ. ಕ್ರಮವನ್ನು ಕುರಿತ ಈ ಚರ್ಚೆಯು ಇನ್ನೂ ಮುಗಿದಿಲ್ಲ. ಕರಡಿನ ಪ್ರತಿಯನ್ನು ಸಂಘದ ವಾಚನಾಲಯದ ಮೇಜಿನ ಮೇಲೆ ಇರಿಸಿದೆ. ಬದಿಯಲ್ಲಿ ಗೀಟಿಗೆ ಬೇಕಾದಷ್ಟು ಸ್ಥಳವನ್ನು ಬಿಟ್ಟಿದ್ದೇನೆ.